ಮೂರನೇ ಬೆಂಚಿನ ನಿದ್ದೆ

ಎಲ್ಲ ತಾಪತ್ರಯಕ್ಕೂ ಮೂಲ ಮಧ್ಯಾಹ್ನದ ಎರಡೂವರೆ ಗಂಟೆ. ಬೆಳಿಗ್ಗೆಯೋ ಸಂಜೆಯೋ ಬಾ ಅಂದಿದ್ದರೆ ಬೇಕರಿಯಣ್ಣ ಮನುಷ್ಯರ ಹಾಗೆ ಹೋಗಿ, ಮನುಷ್ಯರ ಹಾಗೆ ಮಾತಾಡಿ ಬರುತ್ತಿದ್ದ. ಆದರೆ ಕಾನ್ವೆಂಟ್ ಸಿಸ್ಟರುಗಳ ಶಾಲೆಯಿಂದ ಫೋನು ಮಾಡಿದವರು ಎರಡೂವರೆ ಅಂದರು. ಸೀಟಿನ ವಿಷಯ, ಮಗುವನ್ನೂ ಕರೆದುಕೊಂಡು ಬನ್ನಿ ಅಂದರು, ನಾಳೆಯೇ ಅಂದರು, ಫೋನು ಇಟ್ಟೇಬಿಟ್ಟರು. ನಸುಕಿನ ಮೂರಕ್ಕೆ ಎದ್ದು ಹಿಟ್ಟು ನಾದುವವನಿಗೆ ಮಧ್ಯಾಹ್ನ ಎರಡೂವರೆ ಅಂದರೆ ಉಳಿದವರ ನಡುರಾತ್ರಿ ಇದ್ದ ಹಾಗೆ.

ಅವನ ನಿದ್ದೆಯ ಖ್ಯಾತಿ ಬೀದಿಗೆಲ್ಲ ಹಬ್ಬಿತ್ತು. ನಿಂತಿರುವಷ್ಟು ಹೊತ್ತು ಅವನಷ್ಟು ಚುರುಕಾದವನು ಇನ್ನೊಬ್ಬನಿಲ್ಲ. ಕೂತನೋ, ಮುಗಿಯಿತು. ಒಮ್ಮೆ ಹಲ್ಲು ಕೀಳಿಸಲು ಹೋಗಿ ಡಾಕ್ಟರ ಕುರ್ಚಿಯಲ್ಲೇ ನಿದ್ದೆ ಹೋದ. ಹಲ್ಲು ಕಿತ್ತ ಮೇಲೆ ಎದ್ದು, "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?" ಅಂತ ಕೇಳಿದ್ದ. ತನ್ನ ಮದುವೆಯಲ್ಲೂ ಅಷ್ಟೇ. ಫಾದರ್ ಪ್ರವಚನವನ್ನು ಸ್ವಲ್ಪ ಎಳೆದಿದ್ದೇ ನೆಪವಾಗಿ ಮದುಮಗಳ ಹೆಗಲಿಗೆ ಒರಗಿಬಿಟ್ಟ. ನೆಂಟರಿಷ್ಟರು ಅದನ್ನು ಪ್ರೀತಿ ಅಂದುಕೊಂಡು ಕಣ್ಣೊರೆಸಿಕೊಂಡರು. ಗೊರಕೆ ಕೇಳಿಸಿದ್ದು ಮದುಮಗಳಿಗೆ ಮಾತ್ರ.

ಆ ಮದುಮಗಳು ಈಗ ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಶಾಲೆಗೆ ಹೋಗುವುದು, ಮಾತಾಡುವುದು, ಗಂಡನನ್ನು ಆಗಾಗ ಚಿವುಟುತ್ತಿರುವುದು ಎಲ್ಲ ಅವಳ ಜವಾಬ್ದಾರಿ ಎಂದು ತೀರ್ಮಾನವಾಗಿತ್ತು. ಬೆಳಗಾಗುತ್ತಲೇ ಅವಳ ಫೋನು ಬಂತು.

"ರೀ, ನನ್ನ ಬದಲಿಗೆ ಬರಬೇಕಾದೋಳು ಬಂದಿಲ್ಲ. ಸಂಜೆವರೆಗೂ ನಾನು ಇಲ್ಲೇ. ಗುಬ್ಬೀನ ನೀವೇ ಕರ್ಕೊಂಡು ಹೋಗ್ಬೇಕು."

"ನಾನೊಬ್ಬನೇ?" ಬೇಕರಿಯಣ್ಣ ಕೈಯಲ್ಲಿದ್ದ ಬನ್ನಿನ ತಟ್ಟೆಯನ್ನು ಕೆಳಗಿಟ್ಟ.

"ಒಂದೇ ಒಂದು ಮಾತು ನೆನಪಿಟ್ಕೊಳ್ಳಿ. ಎಲ್ಲೂ ಕೂತ್ಕೋಬೇಡಿ. ಕುರ್ಚಿ ಕೊಟ್ರೂ ಬೇಡ ಅನ್ನಿ."

"ಸಿಸ್ಟರ್ ಏನಂದ್ಕೋತಾರೆ?"

"ಮೂಲವ್ಯಾಧಿ ಅಂದ್ಕೋತಾರೆ. ಅಂದ್ಕೊಳ್ಳಲಿ ಬಿಡಿ."

ಸಿಸ್ಟರುಗಳ ಶಾಲೆ ಅಂದರೆ ಸಾಮಾನ್ಯವಲ್ಲ. ಸುತ್ತಲಿನ ಪ್ರೈಮರಿ ಶಾಲೆಗಳಲ್ಲೆಲ್ಲ ವರ್ಷ ವರ್ಷವೂ ಅದೇ ಮುಂದು. ಅಲ್ಲಿ ಎರಡನೇ ಕ್ಲಾಸಿನ ಮಕ್ಕಳು ದಪ್ಪ ದಪ್ಪ ಪುಸ್ತಕ ಓದುತ್ತವೆ. ಓದಲು ತಡವರಿಸುವ ಮಗುವಿನ ಪಕ್ಕ ದೊಡ್ಡ ಕ್ಲಾಸಿನ ಮಗುವೊಂದು ಕೂತು ಓದಿಸುತ್ತದೆ. ಹೋಂವರ್ಕನ್ನು ಸಂಜೆ ಅಲ್ಲೇ ಮಾಡಿಸಿ ಕಳಿಸುತ್ತಾರೆ. ಊರಿನ ಅಪ್ಪ ಅಮ್ಮಂದಿರೆಲ್ಲ ಈ ಬುದ್ಧಿವಂತಿಕೆಗೆ ಬಾಯಿ ಬಿಡುತ್ತಿದ್ದರೆ ಬೇಕರಿಯಣ್ಣನ ಕಣ್ಣಿದ್ದದ್ದು ಬೇರೊಂದರ ಮೇಲೆ. ಅದು ಅಲ್ಲಿನ ಬೆಳಗಿನ ಕೋಣೆ.

ಬೆಳಗಿನ ಪಾಳಿಗೆ ಹೋಗುವವರ ಮಕ್ಕಳಿಗಾಗಿ ಆ ಶಾಲೆಯಲ್ಲೊಂದು ಕೋಣೆಯನ್ನು ಆರಕ್ಕೇ ತೆರೆಯುತ್ತಾರೆ. ಮಗುವನ್ನು ಅಲ್ಲಿ ಬಿಟ್ಟರೆ ಬಿಸಿ ಹಾಲು ಕೊಡುತ್ತಾರೆ, ಕತೆ ಹೇಳುತ್ತಾರೆ, ತಲೆ ಬಾಚುತ್ತಾರೆ, ಗಂಟೆ ಹೊಡೆದಾಗ ಕ್ಲಾಸಿಗೆ ಕಳಿಸುತ್ತಾರೆ. ಈಗ ಆರು ವರ್ಷದ ಗುಬ್ಬಿ ಮಲಗುತ್ತಿದ್ದುದು ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳ ಮೇಲೆ ಕಂಬಳಿ ಹಾಸಿಕೊಂಡು. ಅವ್ವ ಆಸ್ಪತ್ರೆಯಲ್ಲಿ, ಅಪ್ಪ ಭಟ್ಟಿಯ ಮುಂದೆ, ಮಗು ಮನೆಯಲ್ಲಿ ಒಂಟಿ ಆಗಬಾರದಲ್ಲ. ಎದ್ದಾಗ ಹುಬ್ಬಿನ ಮೇಲೆಲ್ಲ ಹಿಟ್ಟು. ಶಿಶುವಿಹಾರದಲ್ಲಿ ಯಾರೋ "ಅಜ್ಜಿ" ಅಂತ ಕರೆದರೆಂದು ಒಂದು ದಿನ ಅತ್ತುಕೊಂಡು ಬಂದಿದ್ದಳು. ಅವತ್ತೇ ಬೇಕರಿಯಣ್ಣ ಸಿಸ್ಟರುಗಳ ಶಾಲೆಗೆ ಅರ್ಜಿ ಬರೆದು ಕಳಿಸಿದ್ದ.

ಇದರ ಜತೆಗೆ ಒಂದು ಸ್ವಾರ್ಥವೂ ಇತ್ತು, ಮುಚ್ಚಿಡುವುದೇಕೆ. ಕೊನೆಯ ಬ್ರೆಡ್ಡು ಭಟ್ಟಿಯಿಂದ ಹೊರಗೆ ಬಂದ ಮೇಲೆ ಅದು ಆರಬೇಕು. ಬಿಸಿ ಬ್ರೆಡ್ಡನ್ನು ಕೊಯ್ಯುವ ಹಾಗಿಲ್ಲ, ಅಂಗಡಿ ತೆರೆಯಲು ಎಂಟಾಗಬೇಕು. ನಡುವಿನ ಆ ಹೊತ್ತು ಬೇಕರಿಯವರ ಪಾಲಿನ ಸ್ವರ್ಗ. ಗುಬ್ಬಿ ಹುಟ್ಟುವ ಮೊದಲು ಅವನು ಆ ಹೊತ್ತಿನಲ್ಲಿ ಮೂಟೆಗೊರಗಿ ಹಾಯಾಗಿ ನಿದ್ದೆ ಮಾಡುತ್ತಿದ್ದ. ಈಗ ಸರಿಯಾಗಿ ಅದೇ ಹೊತ್ತಿಗೆ ಅವಳು ಎದ್ದು, "ಅಪ್ಪ, ಕತೆ. ಅಪ್ಪ, ಜಡೆ. ಅಪ್ಪ, ಒಂದು ಬೂಟು ಕಾಣ್ತಿಲ್ಲ" ಅನ್ನುತ್ತಾಳೆ. ಗುಬ್ಬಿಗೆ ಸೀಟು ಸಿಕ್ಕಿದರೆ ಅವಳಿಗೆ ಬಿಸಿ ಹಾಲು, ತನಗೆ ಕಳೆದುಹೋದ ಆ ನಿದ್ದೆ. ಇಷ್ಟೇ ಅವನ ಆಸೆ.

ಬೇಕರಿಯಣ್ಣ ಒಬ್ಬನೇ ಹೋಗುತ್ತಿದ್ದಾನೆ ಅನ್ನುವ ಸುದ್ದಿ ಬೀದಿಗೆ ಹರಡಿದ್ದೇ ತಡ, ಎದುರಿನ ಔಷಧಿ ಅಂಗಡಿಯವರು ಫ್ಲಾಸ್ಕು ಹಿಡಿದುಕೊಂಡು ರಸ್ತೆ ದಾಟಿ ಬಂದರು. ಬೀದಿಯ ಮಕ್ಕಳಿಗೆ ಅವರು ಮಾತ್ರೆ ಮಾಮ. ಮಾತ್ರೆಗಿಂತ ಹೆಚ್ಚು ಸಲಹೆ ಕೊಡುವ ಮನುಷ್ಯ.

"ನೋಡು ಬೇಕರಿಯಣ್ಣ, ನನ್ನ ಮಗಳು ಅದೇ ಶಾಲೇಲಿ ಓದಿದೋಳು, ಅನುಭವದಿಂದ ಹೇಳ್ತೀನಿ. ಅಲ್ಲಿ ಮಗೂನ ಪರೀಕ್ಷೆ ಮಾಡಲ್ಲ, ಅಪ್ಪನ್ನ ಮಾಡ್ತಾರೆ. ಹೆಡ್ ಸಿಸ್ಟರ್ ಕಣ್ಣು ಎಕ್ಸ್‌ರೇ ಇದ್ದ ಹಾಗೆ. ತಗೋ, ಕಾಫಿ ಕುಡಿ. ಗಟ್ಟಿ ಮಾಡ್ಸಿದೀನಿ."

ಅವನು ಒಂದು ಲೋಟ ಕುಡಿದ. ಸಾಲದು ಅಂತ ಇನ್ನೊಂದು ಕುಡಿಸಿದರು. ಫ್ಲಾಸ್ಕಿನಲ್ಲಿ ಉಳಿದದ್ದೇಕೆ ಹಾಳಾಗಬೇಕೆಂದು ಮೂರನೆಯದನ್ನೂ ಸುರಿದರು. ಕೈಗಳು ಗಡಗಡ ನಡುಗತೊಡಗಿದವು. ಕಣ್ಣು ಮಾತ್ರ ಮೊದಲಿನಂತೆಯೇ ಎಳೆಯುತ್ತಿತ್ತು.

ಅಷ್ಟರಲ್ಲಿ ಮಹಡಿ ಮನೆಯ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು. ದಿನಕ್ಕೆರಡು ಸಲ ಚರ್ಚಿಗೆ ಹೋಗಿ ಬರುವವರು. ಒಂದು ಸಲ ತಮಗಾಗಿ, ಇನ್ನೊಂದು ಸಲ ಬೀದಿಯ ಸೋಮಾರಿಗಳಿಗಾಗಿ ಅನ್ನುತ್ತಾರೆ.

"ಚರ್ಚಿಗೆ ಬರ್ತೀಯೇನಪ್ಪ ಅಂತ ಸಿಸ್ಟರ್ ಕೇಳ್ತಾರೆ. ಏನು ಹೇಳ್ತೀಯ?"

"ನಿಜ ಹೇಳ್ತೀನಿ ದೊಡ್ಡಮ್ಮ. ಗುಬ್ಬಿಗೆ ಹೆಸರಿಟ್ಟು ಜ್ಞಾನಸ್ನಾನ ಮಾಡ್ಸಿದ್ಮೇಲೆ ಬಂದಿಲ್ಲ, ಭಾನುವಾರಾನೂ ಬ್ರೆಡ್ ಸುಡ್ಬೇಕು ಅಂತ."

"ಹಾಗಂದ್ರೆ ಕೆಟ್ಟೆ ಅಂತ್ಲೇ ತಿಳ್ಕೋ. ಸುಳ್ಳೂ ಹೇಳ್ಬೇಡ. ನಾನು ಹೇಳ್ಕೊಟ್ಟಷ್ಟು ಹೇಳು: ಊರೆಲ್ಲ ಮಲಗಿರೋ ಹೊತ್ತಿಗೆ ನಾನು ಎದ್ದಿರ್ತೀನಿ ಸಿಸ್ಟರ್. ದಿನಾ. ಒಂದು ದಿನಾನೂ ತಪ್ಪಿಲ್ಲ. ಇದ್ರಲ್ಲಿ ಸುಳ್ಳೇನಾದ್ರೂ ಇದೆಯಾ?"

ಯೋಚಿಸಿದ. ಒಂದಕ್ಷರವೂ ಸುಳ್ಳಿರಲಿಲ್ಲ.

"ಎದ್ದು ಏನು ಮಾಡ್ತೀಯ ಅನ್ನೋದನ್ನ ಅವರೇ ಊಹೆ ಮಾಡ್ಕೊಳ್ಳಲಿ," ಅನ್ನುತ್ತ ದೊಡ್ಡಮ್ಮ ತಮ್ಮ ಜಪಸರವನ್ನು ಅವನ ನಡುಗುವ ಕೈಗೆ ಸುತ್ತಿದರು. "ಇನ್ನೊಂದು ವಿಷಯ. ಸ್ವಲ್ಪ ಮೊದ್ಲೇ ಹೋಗು. ಶಾಲೆ ಒಳಗೇ ಪ್ರಾರ್ಥನೆ ಮನೆ ಇದೆ. ಸಿಸ್ಟರುಗಳು ಓಡಾಡೋವಾಗ ಕಾಣೋ ಹಾಗೆ ಐದು ನಿಮಿಷ ಮೊಣಕಾಲೂರು. ಹೆದರ್ಬೇಡ. ಕೂತ್ರೆ ತಾನೇ ನಿನಗೆ ನಿದ್ದೆ ಬರೋದು? ಮೊಣಕಾಲೂರಿದ್ರೆ ನೋವಿಗೆ ಯಾರಿಗೂ ಬರಲ್ಲ."

ಮಾತ್ರೆ ಮಾಮನಿಗೂ ಇದು ವೈದ್ಯಕೀಯವಾಗಿ ಸರಿ ಅನ್ನಿಸಿತು.

ಬೇಕರಿಯಣ್ಣ ಸ್ನಾನ ಮಾಡಿ, ಮದುವೆಯ ಕೋಟು ತೊಟ್ಟು, ಗುಬ್ಬಿಯ ಜಡೆ ಹೆಣೆದ. ಜಡೆ ಹೆಣೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮೂರೆಳೆಯ ಬ್ರೆಡ್ಡು ಹೆಣೆಯುವ ಕೈ, ಅದೇ ಲೆಕ್ಕದಲ್ಲಿ ಹೆಣೆಯುತ್ತಿತ್ತು. ದಿನವಿಡೀ ಕುಣಿದರೂ ಒಂದು ಕೂದಲು ಕದಲುತ್ತಿರಲಿಲ್ಲ. ಅಪ್ಪ ಮಗಳು ಕೈ ಕೈ ಹಿಡಿದು ಹೊರಟರು.

ಶಾಲೆಯ ಗೇಟಿನಲ್ಲಿ ನಗುಮೊಗದ ಕಿರಿಯ ಸಿಸ್ಟರ್ ಒಬ್ಬರು ಎದುರಾದರು. "ಇನ್ನೂ ಹೊತ್ತಿದೆ, ಇಲ್ಲಿ ಕೂತ್ಕೊಳ್ಳಿ" ಎಂದು ಒಂದು ಸೋಫಾ ತೋರಿಸಿದರು. ಮೆತ್ತನೆಯ, ಅಗಲವಾದ, ಎರಡು ದಿಂಬುಗಳಿದ್ದ ಸೋಫಾ. ಬೇಕರಿಯಣ್ಣ ಹಾವು ಕಂಡವನ ಹಾಗೆ ಹಿಂದೆ ಸರಿದ.

"ಬೇಡ ಸಿಸ್ಟರ್, ನಾನು ಕೂರಲ್ಲ. ಪ್ರಾರ್ಥನೆ ಮಾಡ್ಕೊಂಡು ಬರ್ತೀನಿ."

ಕಿರಿಯ ಸಿಸ್ಟರ್ ಅವನ ಕೈಯ ಜಪಸರ ನೋಡಿ, ಮುಖ ನೋಡಿ, ಗೌರವದಿಂದ ದಾರಿ ಬಿಟ್ಟರು.

ಪ್ರಾರ್ಥನೆ ಮನೆ ತಂಪಾಗಿತ್ತು, ನಿಶ್ಶಬ್ದವಾಗಿತ್ತು, ಅರ್ಧ ಕತ್ತಲಾಗಿತ್ತು. ಇದರಲ್ಲೇ ಅಪಾಯ ಇದೆಯೆಂದು ಅವನಿಗೆ ಹೊಳೆಯಬೇಕಿತ್ತು. ಮೂರನೇ ಬೆಂಚಿನ ಹಿಂದೆ ಮೊಣಕಾಲೂರುವಲ್ಲಿ ಯಾರೋ ಪುಟ್ಟ ಮೆತ್ತೆಯೊಂದನ್ನು ಇಟ್ಟಿದ್ದರು. ಮೊಣಕೈ ಇಡುವ ಹಲಗೆಯಲ್ಲಿ ಸವೆದು ನುಣುಪಾದ ಎರಡು ಗುಳಿಗಳಿದ್ದವು. ಬೇಕರಿಯಣ್ಣ ಮೊಣಕಾಲೂರಿದ. ಮೊಣಕೈಗಳು ಆ ಗುಳಿಗಳಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಹಣೆ ತಾನಾಗಿ ಕೈಗಳ ಮೇಲೆ ಇಳಿಯಿತು. 'ದೇವರೇ, ನನ್ನ ಗುಬ್ಬಿಗೆ' ಅನ್ನುವವರೆಗೆ ಪ್ರಾರ್ಥನೆ ನಡೆಯಿತು. ಉಳಿದದ್ದು ದೇವರ ಊಹೆಗೆ ಬಿಟ್ಟದ್ದು.

ಗುಬ್ಬಿ ಪಕ್ಕದಲ್ಲಿ ನಿಂತು ಅಪ್ಪನ ಬೆನ್ನು ಏರಿಳಿಯುವುದನ್ನು ನೋಡಿದಳು. ಬೇಕರಿಯಲ್ಲಿ ಅವಳಿಗಿದ್ದ ಕಟ್ಟುನಿಟ್ಟಾದ ನಿಯಮ ಎರಡೇ. ಭಟ್ಟಿಯ ಹತ್ತಿರ ಹೋಗಬಾರದು, ಮಧ್ಯಾಹ್ನ ಮಲಗಿದ ಅಪ್ಪನನ್ನು ಎಬ್ಬಿಸಬಾರದು. ಇಲ್ಲಿ ಭಟ್ಟಿ ಇರಲಿಲ್ಲ. ಹಾಗಾಗಿ ಉಳಿದ ಒಂದು ನಿಯಮವನ್ನು ಪಾಲಿಸಿ, ಕಿರಿಯ ಸಿಸ್ಟರ್ ಬಾಗಿಲಲ್ಲಿ ಬಂದು ಕೈಸನ್ನೆ ಮಾಡಿದಾಗ ಸದ್ದಿಲ್ಲದೆ ಅವರ ಜತೆ ಹೊರಟುಹೋದಳು.

ಬೇಕರಿಯಣ್ಣನಿಗೆ ಎಚ್ಚರವಾದದ್ದು ಶಾಲೆಯ ಗಂಟೆಯ ಸದ್ದಿಗೆ. ಯಾವ ಊರು, ಯಾವ ಲೋಕ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದೊಡನೆ ಪಕ್ಕಕ್ಕೆ ತಿರುಗಿದ. ಗುಬ್ಬಿ ಇಲ್ಲ. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಸೀಟೂ ಹೋಯಿತು, ಮಗುವೂ ಹೋಯಿತು.

ದಿಗ್ಗನೆ ಎದ್ದ. ಅಂದರೆ, ಸೊಂಟದಿಂದ ಮೇಲೆ ಎದ್ದ. ಸೊಂಟದಿಂದ ಕೆಳಗೆ ಎರಡೂ ಕಾಲು ಜೋಮು ಹಿಡಿದು ಯಾರದೋ ಕಾಲುಗಳಂತಾಗಿದ್ದವು. ದಢಾರನೆ ಬೆಂಚುಗಳ ನಡುವೆ ಬಿದ್ದ. ಇನ್ನೊಮ್ಮೆ ಎದ್ದ, ಇನ್ನೊಮ್ಮೆ ಬಿದ್ದ. ಕೊನೆಗೆ ಕಾಲುಗಳ ಆಸೆ ಬಿಟ್ಟು ಮೊಣಕಾಲು ಮೊಣಕೈಗಳ ಮೇಲೆ ಅಂಬೆಗಾಲಿಡುತ್ತ ಬಾಗಿಲು ದಾಟಿ ವರಾಂಡಕ್ಕೆ ಬಂದ.

ಅದೇ ಹೊತ್ತಿಗೆ ಒಂದನೇ ಕ್ಲಾಸಿನ ಮಕ್ಕಳು ಬಾಯಿ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ಬರುತ್ತಿದ್ದರು. ಬೇರೆ ಶಾಲೆಯಾಗಿದ್ದರೆ ಕೋಟು ತೊಟ್ಟು ಅಂಬೆಗಾಲಿಡುವ ಗಂಡಸನ್ನು ಕಂಡು ಕಿರುಚಿ ಓಡುತ್ತಿದ್ದರು. ಇದು ಶಿಸ್ತಿಗೆ ಹೆಸರಾದ ಶಾಲೆ. ಮೊದಲ ಮಗು ಬೆರಳು ತೆಗೆದು, "ಗುಡ್ ಆಫ್ಟರ್‌ನೂನ್ ಅಂಕಲ್" ಅಂದು ಮತ್ತೆ ಬೆರಳಿಟ್ಟುಕೊಂಡಿತು. ಎರಡನೆಯದೂ ಅಂದಿತು. ಹಾಗೆಯೇ ಇಡೀ ಕ್ಲಾಸು ಒಬ್ಬೊಬ್ಬರಾಗಿ ಅವನಿಗೆ ವಂದಿಸಿ ಮುಂದೆ ಸಾಗಿತು. ಅವನೂ ನೆಲದ ಮೇಲಿಂದಲೇ ಒಬ್ಬೊಬ್ಬರಿಗೂ "ಗುಡ್ ಆಫ್ಟರ್‌ನೂನ್" ಅಂದ. ಇನ್ನೇನು ಮಾಡಿಯಾನು.

"ಅಯ್ಯೋ, ಏಳಿ, ಏಳಿ," ಎನ್ನುತ್ತ ಕಿರಿಯ ಸಿಸ್ಟರ್ ಓಡಿ ಬಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಮೊಣಕಾಲಲ್ಲೇ ಬರೋ ಹರಕೆನಾ? ಮುಕ್ಕಾಲು ಗಂಟೆಗೂ ಮೇಲೆ ನೀವು ಅಲ್ಲಾಡ್ಲಿಲ್ಲ. ನಮ್ಮ ಸಿಸ್ಟರುಗಳೆಲ್ಲ ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು ನೋಡಿ ಹೋದ್ರು. ಇಂಥ ಭಕ್ತಿ ನಾನು ಎಲ್ಲೂ ನೋಡಿಲ್ಲ."

"ನನ್ನ ಮಗಳು ಸಿಸ್ಟರ್..."

"ಹೆಡ್ ಸಿಸ್ಟರ್ ರೂಮಲ್ಲಿದಾಳೆ. ಬನ್ನಿ, ನನ್ನ ತೋಳು ಹಿಡ್ಕೊಳ್ಳಿ."

ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವಕ್ಕೆ ಈಗ ಬೇರೆ ಚಿಂತೆ ಹತ್ತಿಕೊಂಡಿತು. ಭಕ್ತ ಅಂದುಕೊಂಡಿದ್ದಾರೆ. ಒಪ್ಪಿಕೊಂಡರೆ ಸೀಟು, ನಿಜ ಹೇಳಿದರೆ ಮೈದಾ ಮೂಟೆ.

ಹೆಡ್ ಸಿಸ್ಟರ್ ಸಣ್ಣ ಮೈಕಟ್ಟಿನ, ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಎದುರಿನ ಕುರ್ಚಿಯಲ್ಲಿ ಗುಬ್ಬಿ ಕಾಲು ಆಡಿಸುತ್ತ ಕೂತು ಅವರ ಮೇಜಿನ ಬಣ್ಣದ ಪೆನ್ಸಿಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಕೂತ್ಕೊಳ್ಳಿ."

"ಬೇಡ ಸಿಸ್ಟರ್, ನಿಂತ್ಕೋತೀನಿ." ಕಾಲು ಇನ್ನೂ ಜುಮ್ಮೆನ್ನುತ್ತಿದ್ದುದರಿಂದ ನಿಂತಿದ್ದೂ ಒಂದು ಬಗೆಯ ಕುಣಿತದಂತಿತ್ತು. ಹೆದರಿಕೆಯಲ್ಲಿ ದೊಡ್ಡಮ್ಮ ಬಾಯಿಪಾಠ ಮಾಡಿಸಿದ ಮಾತು ಯಾರೂ ಕೇಳದೆಯೇ ಹೊರಗೆ ಬಂದುಬಿಟ್ಟಿತು. "ಊರೆಲ್ಲ ಮಲಗಿರೋ ಹೊತ್ತಿಗೆ ನಾನು ಎದ್ದಿರ್ತೀನಿ ಸಿಸ್ಟರ್. ದಿನಾ. ಒಂದು ದಿನಾನೂ ತಪ್ಪಿಲ್ಲ."

ಕಿರಿಯ ಸಿಸ್ಟರ್ ಬಾಗಿಲಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ಹೆಡ್ ಸಿಸ್ಟರ್ ಕನ್ನಡಕ ಏರಿಸಿ ಅವನನ್ನು ಹೊಸದಾಗಿ ನೋಡುವಂತೆ ನೋಡಿದರು.

"ಒಂದು ದಿನಾನೂ?"

"ಒಂದು ದಿನಾನೂ ಸಿಸ್ಟರ್."

"ಒಳ್ಳೇದು. ಈಗ ಅಷ್ಟು ಹೊತ್ತು ಒಳಗೆ ಏನು ಬೇಡ್ಕೊಂಡ್ರಿ?"

ಬೇಕರಿಯಣ್ಣ ಬಾಯಿ ತೆರೆದ. ಗುಬ್ಬಿ ಪೆನ್ಸಿಲು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅವಳ ಹುಬ್ಬಿನ ಅಂಚಿನಲ್ಲಿ, ಎಷ್ಟು ತೊಳೆದರೂ ಉಳಿದಿದ್ದ ಒಂದು ಚೂರು ಹಿಟ್ಟು ಕಂಡಿತು. ಆ ಮುಖದ ಮುಂದೆ ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ಸೀಟು ಹೋದರೆ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿದ.

"ಏನೂ ಬೇಡ್ಕೊಳ್ಳಲಿಲ್ಲ ಸಿಸ್ಟರ್. ನಿದ್ದೆ ಬಂದ್ಬಿಡ್ತು."

ಕಿರಿಯ ಸಿಸ್ಟರ ಮುಖ ಬಾಡಿತು. ಹೆಡ್ ಸಿಸ್ಟರ್ ಅವರ ಕಡೆ ತಿರುಗಿ, "ಬಾಗಿಲು ಹಾಕ್ಕೊಂಡು ಹೋಗಮ್ಮ" ಅಂದರು. ಬಾಗಿಲು ಮುಚ್ಚಿದ ಮೇಲೆ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು.

"ನಂಗೊತ್ತು. ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಪ್ರಾರ್ಥನೆ ಮಾಡೋರು ಮೊಣಕೈನ ಅಷ್ಟು ಅಗಲ ಇಡಲ್ಲ. ಮಲಗೋರು ಮಾತ್ರ ಇಡ್ತಾರೆ, ಪಕ್ಕಕ್ಕೆ ಬೀಳಬಾರದು ಅಂತ. ನೀವಿದ್ದದ್ದು ಮೂರನೇ ಬೆಂಚಲ್ಲಿ ತಾನೇ?"

"ಹೌದು ಸಿಸ್ಟರ್."

"ಅದು ನನ್ನ ಜಾಗ. ಆ ಮೆತ್ತೆ ನಾನೇ ಹೊಲಿದಿದ್ದು. ಊಟ ಆದ್ಮೇಲೆ ದಿನಾ ಅಲ್ಲೇ ಅರ್ಧ ಗಂಟೆ. ಈ ಮಕ್ಕಳು ಹೆಡ್ ಸಿಸ್ಟರ್ ಪ್ರಾರ್ಥನೆ ಮಾಡ್ತಿದಾರೆ ಅಂತ ತುದಿಗಾಲಲ್ಲಿ ಓಡಾಡ್ತಾರೆ, ಪಾಪ."

ಬೇಕರಿಯಣ್ಣನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹೆಡ್ ಸಿಸ್ಟರ್ ನಕ್ಕಮೇಲೆ ತಾನೂ ನಕ್ಕ.

"ಸೀಟು, ಸಿಸ್ಟರ್?"

"ಅದು ನೀವು ಗೊರಕೆ ಹೊಡೀತಿರೋವಾಗಲೇ ಆಯ್ತು. ಒಳ್ಳೇ ಹುಡುಗಿ, ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟಳು. ಅಪ್ಪಂದಿರಿಗೆ ನಾವು ಪರೀಕ್ಷೆ ಇಡಲ್ಲ. ಇಟ್ರೆ ಶಾಲೇನೇ ಮುಚ್ಚಬೇಕಾಗತ್ತೆ."

ಬೇಕರಿಯಣ್ಣನ ಎದೆಯ ಮೇಲಿಂದ ಹಿಟ್ಟಿನ ಮೂಟೆಯೊಂದನ್ನು ಇಳಿಸಿದ ಹಾಗಾಯಿತು. ಗುಬ್ಬಿಗೆ ಬಿಸಿ ಹಾಲು. ಗುಬ್ಬಿಗೆ ಕತೆ. ತನಗೆ ಬ್ರೆಡ್ಡು ಆರುವ ಹೊತ್ತಿನ ನಿದ್ದೆ. ಸಂತೋಷದಲ್ಲಿ ಹೆಂಡತಿಯ ಎಚ್ಚರಿಕೆ ಮರೆತು ಕುರ್ಚಿಯಲ್ಲಿ ಕೂತೇಬಿಟ್ಟ.

"ಬೆಳಗಿನ ಕೋಣೆಗೂ ಸೇರಿಸ್ಕೋತೀರಲ್ಲ ಸಿಸ್ಟರ್? ಆರಕ್ಕೆ ಕರ್ಕೊಂಡು ಬಂದ್ಬಿಡ್ತೀನಿ."

"ಖಂಡಿತ. ಅದನ್ನ ಮಾತಾಡೋಕೇ ನಿಮಗಾಗಿ ಕಾಯ್ತಿದ್ದೆ." ಹೆಡ್ ಸಿಸ್ಟರ್ ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸತೊಡಗಿದರು. "ಆ ಕೋಣೇನ ಮೊದಲಿಂದಲೂ ಮಕ್ಕಳ ಅಪ್ಪ ಅಮ್ಮಂದಿರೇ ನಡೆಸೋದು, ಇದು ನಮ್ಮ ಶಾಲೆ ಪದ್ಧತಿ. ಹಾಲಿನವರ ಮನೆಯಾಕೆ ತುಂಬಾ ಚೆನ್ನಾಗಿ ನೋಡ್ಕೋತಿದ್ಳು. ಅವಳ ಮಗ ಐದನೇ ಕ್ಲಾಸು ಮುಗಿಸಿ ಹೋದ ಮೇಲೆ ಯಾರೂ ಸಿಗಲಿಲ್ಲ. ಕೇಳಿದೋರೆಲ್ಲ, ಆರಕ್ಕೆ ನಮಗೆ ಎಚ್ಚರಾನೇ ಆಗಲ್ಲ ಸಿಸ್ಟರ್ ಅಂತಾರೆ. ಇಷ್ಟು ದಿನ ನಾನೇ ಎದ್ದು ತೆಗೀತಿದ್ದೆ. ಇಲ್ಲದಿದ್ರೆ ಈ ವಯಸ್ಸಲ್ಲಿ ನನಗ್ಯಾಕೆ ಮಧ್ಯಾಹ್ನದ ನಿದ್ದೆ?"

ಬೀಗದ ಕೈ ಅವನ ಅಂಗೈಗೆ ಬಂತು. ಅದು ಸಿಸ್ಟರ ಸೊಂಟದ ಬಿಸುಪಿನಲ್ಲಿ ಇನ್ನೂ ಬೆಚ್ಚಗಿತ್ತು.

"ಊರೆಲ್ಲ ಮಲಗಿರೋ ಹೊತ್ತಿಗೆ ಎದ್ದಿರ್ತೀರಿ, ಒಂದು ದಿನಾನೂ ತಪ್ಪಿಸಿಲ್ಲ, ನೀವೇ ಹೇಳಿದ್ರಿ. ಈ ಜಡೆ ಹಾಕಿದ್ದೂ ನೀವೇ ಅಂತೆ. ನೋಡಿ ಎಷ್ಟು ಬಿಗಿಯಾಗಿದೆ. ಬೆಳಗಿನ ಕೋಣೇಲಿ ಹೆಣ್ಣುಮಕ್ಕಳೇ ಹನ್ನೆರಡು ಜನ. ನಾನು ಹಾಕಿದ ಜಡೆ ಗೇಟು ದಾಟೋದ್ರೊಳಗೆ ಬಿಚ್ಚಿಹೋಗತ್ತೆ ಅಂತ ಅವರ ಅಮ್ಮಂದಿರು ಬಯ್ತಾರೆ."

ಬೇಕರಿಯಣ್ಣ ಅಂಗೈಯಲ್ಲಿದ್ದ ಬೀಗದ ಕೈ ನೋಡಿದ. ಆಗಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಆ ಹೊತ್ತಿನಲ್ಲಿ ನಾನು ಮಲಗಬೇಕು ಸಿಸ್ಟರ್ ಅಂತ, ಈ ಕಪ್ಪು ಕಟ್ಟಿದ ಕಣ್ಣುಗಳಿಗೆ ಹೇಳುವುದು ಹೇಗೆ?

"ಆಗಲಿ ಸಿಸ್ಟರ್," ಅಂದ.

ಬಾಗಿಲವರೆಗೂ ಬಂದು ಬೀಳ್ಕೊಟ್ಟ ಹೆಡ್ ಸಿಸ್ಟರ್ ಹತ್ತು ವರ್ಷ ಕಿರಿಯರಾದಂತೆ ಕಾಣುತ್ತಿದ್ದರು. "ಇನ್ಮೇಲೆ ಮೂರನೇ ಬೆಂಚು ನಿಮ್ಮದು," ಎಂದು ಪಿಸುಗುಟ್ಟಿದರು. "ಮೆತ್ತೇನ ಮಾತ್ರ ವಾರಕ್ಕೊಂದ್ಸಲ ಬಿಸಿಲಿಗೆ ಹಾಕಿ."

ಬೇಕರಿಯ ಬಾಗಿಲಲ್ಲಿ ಮಾತ್ರೆ ಮಾಮ, ದೊಡ್ಡಮ್ಮ ಇಬ್ಬರೂ ಕಾಯುತ್ತಿದ್ದರು. ಸೀಟು ಸಿಕ್ಕಿತೆಂದು ಕೇಳಿದೊಡನೆ ಕಾಫಿಯಿಂದಾಗಿ ಸಿಕ್ಕಿತೋ ಜಪಸರದಿಂದಾಗಿ ಸಿಕ್ಕಿತೋ ಎಂದು ಅವರಿಬ್ಬರಿಗೂ ಜಗಳ ಹತ್ತಿಕೊಂಡಿತು. ಅವರನ್ನು ಬೀದಿಗೆ ಬಿಟ್ಟು ಬೇಕರಿಯಣ್ಣ ಒಳಗೆ ಬಂದ. ಹೆಂಡತಿ ಆಗ ತಾನೇ ಪಾಳಿ ಮುಗಿಸಿ ಬಂದಿದ್ದಳು.

"ಸಿಕ್ತಾ?"

"ಸಿಕ್ತು."

ಅವಳು ಗುಬ್ಬಿಯನ್ನು ಎತ್ತಿ ಮುದ್ದಾಡಿದಳು. ಆಮೇಲೆ ಗಂಡನ ಮುಖ ನೋಡಿದಳು. "ಮತ್ತೆ ಯಾಕ್ರೀ ಹೀಗಿದೀರಿ?"

ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ಹೆಂಡತಿ ನಗುವುದಕ್ಕೆ ಶುರು ಮಾಡಿದವಳು ನಿಲ್ಲಿಸಲಾರದೆ ಮೂಟೆಯ ಮೇಲೆ ಕುಸಿದು ಕೂತಳು. ಅವಳ ನಗು ನೋಡಿ ಅವನಿಗೂ ನಗು ಬಂತು. ಹೋಗಲಿ ಬಿಡು ಅನ್ನಿಸಿತು. ಒಂದು ಮಗುವಿನ ಬದಲು ಹನ್ನೆರಡು ಜಡೆ, ಅಷ್ಟೇ ತಾನೇ. ಗುಬ್ಬಿಗೆ ಶಾಲೆ ಸಿಕ್ಕಿತು. ಇನ್ನು ಮೇಲೆ ಯಾರೂ ಅವಳನ್ನು ಅಜ್ಜಿ ಅನ್ನಲಾರರು. ಅವನು ಹೆಂಡತಿಯ ಪಕ್ಕ ಮೂಟೆಗೊರಗಿ ಕೂತ.

"ಆದ್ರೂ ಒಂದು ಅರ್ಥ ಆಗ್ಲಿಲ್ಲ ಕಣೇ," ಅಂದ, ಕಣ್ಣು ಎಳೆಯುತ್ತಿರುವಂತೆಯೇ. "ಅದನ್ನ ಮಾತಾಡೋಕೇ ಕಾಯ್ತಿದ್ದೆ ಅಂದ್ರು. ನಾನು ಬಾಯಿ ಬಿಡೋಕೆ ಮುಂಚೇನೇ ನಿರ್ಧಾರ ಆಗಿತ್ತು ಅನ್ಸುತ್ತೆ. ಬೆಳಿಗ್ಗೆ ಆ ಹೊತ್ತಲ್ಲಿ ನಾನು ಖಾಲಿ ಇರ್ತೀನಿ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಗುಬ್ಬಿ ಅವ್ವನ ಮಡಿಲಿಂದ ತಲೆ ಎತ್ತಿದಳು.

"ನಾನು ಹೇಳ್ದೆ. ನಿಮ್ಮಪ್ಪ ಆರು ಗಂಟೆಗೆ ಏನು ಮಾಡ್ತಾರೆ ಪುಟ್ಟಿ ಅಂತ ಸಿಸ್ಟರ್ ಕೇಳಿದ್ರು. ಏನೂ ಮಾಡಲ್ಲ, ಬ್ರೆಡ್ ಆರೋದನ್ನ ನೋಡ್ತಾ ಸುಮ್ನೆ ನಿಂತಿರ್ತಾರೆ ಅಂದೆ. ಆಗ ಸಿಸ್ಟರ್ ಎದ್ದು ನನಗೆ ಶೇಕ್‌ಹ್ಯಾಂಡ್ ಕೊಟ್ರು."

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಕೂತು ಆಗಲೇ ಒಂದು ನಿಮಿಷ ದಾಟಿತ್ತು.

"ಶ್," ಅಂದಳು ಗುಬ್ಬಿ ತುಟಿಯ ಮೇಲೆ ಬೆರಳಿಟ್ಟು, ಆ ಶಾಲೆಯ ಹಳೆಯ ವಿದ್ಯಾರ್ಥಿನಿಯ ಹಾಗೆ. "ಅಪ್ಪ ಪ್ರಾರ್ಥನೆ ಮಾಡ್ತಿದಾರೆ."